ಪದವಿಯ ಮೊದಲ ವರ್ಷ: ವಶೀಲಿ ಬೇಡ, ಪರಿಚಯ ಬೇಕು

ಪದವಿ ಕಾಲೇಜುಗಳಿಗೆ ಪ್ರವೇಶ ಆರಂಭವಾಗುವ ದಿನಗಳಲ್ಲಿ ಮಠಗಳಿಗೆ ದರ್ಶನಕ್ಕೆ ಬರುವ ತಂದೆ-ತಾಯಿಗಳು ಮಕ್ಕಳನ್ನು ಮುಂದೆ ನಿಲ್ಲಿಸಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: "ಕಾಲೇಜಿಗೇನೋ ಹಚ್ಚೇವ್ರಿ ಅಜ್ಜಾರ, ಮುಂದ ಇವಂಗ ಏನ್ ನೌಕರಿ ಸಿಗತೈತ್ರಿ?" ಈ ಪ್ರಶ್ನೆಯಲ್ಲಿ ಭಕ್ತಿಯೂ ಇದೆ, ಆತಂಕವೂ ಇದೆ. ರೋಣ ತಾಲೂಕಿನ ಯಾವಗಲ್ ಮತ್ತು ಸುತ್ತಲಿನ ಎರೆ ಸೀಮೆಯ ಗ್ರಾಮಗಳಲ್ಲಿ ಅನೇಕ ಮನೆಗಳಿಗೆ ಪದವಿ ತರಗತಿಯ ಮೆಟ್ಟಿಲು ಹತ್ತಿದ ಮೊದಲ ಮಗು ಇದೇ ತಲೆಮಾರಿನದು. ಹೊಲ ಹಂಚಿಕೆಯಾಗಿ ಚಿಕ್ಕದಾಗಿದೆ, ಮಳೆಯ ಭರವಸೆ ಕಡಿಮೆಯಾಗಿದೆ. ಮನೆಯವರ ಕಣ್ಣು ಆ ಮಗುವಿನ ಓದಿನ ಮೇಲೆ ನೆಟ್ಟಿದೆ. ಆದರೆ ಓದಿನ ಆಚೆಗೆ ಯಾವ ಯಾವ ಕಾಯಕಗಳಿವೆ, ಅವುಗಳ ಬಾಗಿಲು ಎಲ್ಲಿದೆ, ಆ ಬಾಗಿಲಿನ ಒಳಗಿರುವವರು ಯಾರು ಎಂಬುದನ್ನು ಮಗುವಿಗೆ ಹೇಳಬಲ್ಲವರು ಮನೆಯಲ್ಲಿ ಇರುವುದಿಲ್ಲ. ಪಟ್ಟಣದ ಸುಶಿಕ್ಷಿತ ಮನೆಯ ಮಗುವಿಗೆ ಊಟದ ಹೊತ್ತಿನಲ್ಲಿ ಸಹಜವಾಗಿ ಕಿವಿಗೆ ಬೀಳುವ ಮಾಹಿತಿಯನ್ನು ಹಳ್ಳಿಯ ಮಗು ಹುಡುಕಿಕೊಂಡು ಹೋಗಿ ಪಡೆಯಬೇಕಾಗುತ್ತದೆ. ಹೀಗೆ ಹುಡುಕಿಕೊಂಡು ಹೋಗುವ ಕ್ರಮವನ್ನು ಕುರಿತು ಈ ಲೇಖನದಲ್ಲಿ ವಿಚಾರ ಮಾಡಲಾಗಿದೆ.

ಮೂರು ವರ್ಷ ದೊಡ್ಡ ಅವಧಿಯಲ್ಲ

2024-25ನೆಯ ಶೈಕ್ಷಣಿಕ ಸಾಲಿನಿಂದ ನಮ್ಮ ರಾಜ್ಯದಲ್ಲಿ ಪದವಿ ಶಿಕ್ಷಣ ಮತ್ತೆ ಮೂರು ವರ್ಷಗಳ ಕ್ರಮಕ್ಕೆ ಮರಳಿದೆ. ಅಂದರೆ ವಿದ್ಯಾರ್ಥಿಯ ಕೈಯಲ್ಲಿರುವುದು ಆರು ಸೆಮಿಸ್ಟರುಗಳು. ಹೆಚ್ಚಿನ ವಿದ್ಯಾರ್ಥಿಗಳು ಐದು ಸೆಮಿಸ್ಟರುಗಳನ್ನು ಪರೀಕ್ಷೆ ಬರೆಯುವುದರಲ್ಲಿಯೇ ಕಳೆದು, ಆರನೆಯದರಲ್ಲಿ "ಮುಂದೇನು" ಎಂದು ಯೋಚಿಸಲು ತೊಡಗುತ್ತಾರೆ. ಅಷ್ಟರಲ್ಲಿ ಕೆಲವು ದಾರಿಗಳು ದೂರವಾಗಿರುತ್ತವೆ, ಕೆಲವು ಮುಚ್ಚಿಯೇ ಹೋಗಿರುತ್ತವೆ.

ಉದಾಹರಣೆಗೆ ಲೆಕ್ಕಪರಿಶೋಧಕರ, ಅಂದರೆ ಸಿ.ಎ. ವ್ಯಾಸಂಗವನ್ನು ನೋಡಬಹುದು. ಅದರ ಮೊದಲ ಹಂತವಾದ ಫೌಂಡೇಶನ್ ಪರೀಕ್ಷೆಯನ್ನು ಪಿಯುಸಿ ತೇರ್ಗಡೆಯಾದವರು ಬರೆಯಬಹುದು. ಬಿ.ಕಾಂ. ಮೊದಲ ವರ್ಷದಲ್ಲಿಯೇ ಈ ಸಂಗತಿ ತಿಳಿದ ವಿದ್ಯಾರ್ಥಿ ಪದವಿಯ ಜೊತೆಜೊತೆಗೆ ಆ ದಾರಿಯಲ್ಲಿ ಸಾಗುತ್ತಾನೆ. ಪದವಿ ಮುಗಿದ ಮೇಲೆ ತಿಳಿದವನಿಗೂ ನೇರವಾಗಿ ಎರಡನೆಯ ಹಂತಕ್ಕೆ ಪ್ರವೇಶವಿದೆ. ಆದರೆ ವಾಣಿಜ್ಯ ಪದವೀಧರನಾಗಿದ್ದರೆ ಅವನು ಕನಿಷ್ಠ ಶೇಕಡಾ 55 ಅಂಕಗಳನ್ನು ಪಡೆದಿರಬೇಕು. ಮೊದಲ ವರ್ಷದಲ್ಲಿ ಅಂಕಗಳ ಬಗ್ಗೆ ಉದಾಸೀನ ಮಾಡಿದವನಿಗೆ ಆ ಗೆರೆ ದಾಟುವುದು ಕಷ್ಟವಾಗುತ್ತದೆ.

ವಿಜ್ಞಾನದ ವಿದ್ಯಾರ್ಥಿಗಳದೂ ಇದೇ ಮಾತು. ಕೇಂದ್ರ ಲೋಕಸೇವಾ ಆಯೋಗವು ನಡೆಸುವ ಭಾರತೀಯ ಸಂಖ್ಯಾಶಾಸ್ತ್ರ ಸೇವೆಯ ಪರೀಕ್ಷೆಗೆ ಕೂರಬೇಕಾದರೆ ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿರಬೇಕು, ಇಲ್ಲವೇ ಸಂಖ್ಯಾಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಇರಬೇಕು. ವಿಷಯ ಆಯ್ಕೆ ಮಾಡುವ ದಿನ ಇದನ್ನು ಹೇಳುವವರು ಯಾರೂ ಇಲ್ಲದಿದ್ದರೆ ಮುಂದೆ ಆ ಬಾಗಿಲು ತೆರೆಯುವುದು ಕಷ್ಟವಾಗುತ್ತದೆ. ಬಿ.ಎ. ಓದುವವರಿಗೆ ಕಾನೂನು ಶಿಕ್ಷಣದ ದಾರಿ ಇದೆ. ಪದವಿಯ ನಂತರ ಮೂರು ವರ್ಷಗಳ ಎಲ್‌ಎಲ್‌.ಬಿ. ಓದಬಹುದು. ರಾಜ್ಯ ಕಾನೂನು ವಿಶ್ವವಿದ್ಯಾಲಯ ಇರುವುದು ನಮಗೆ ಸಮೀಪದ ಹುಬ್ಬಳ್ಳಿಯ ನವನಗರದಲ್ಲಿ. ಗದಗ ಸಮೀಪದ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೇ ಇದೆ. ಮನೆಯಿಂದ ಇಷ್ಟು ಹತ್ತಿರ ಇರುವ ಸಂಸ್ಥೆಗಳಲ್ಲಿ ಯಾವ ಸ್ನಾತಕೋತ್ತರ ವಿಷಯಗಳಿವೆ ಎಂದು ಒಮ್ಮೆ ಹೋಗಿ ಕೇಳಿ ಬಂದ ಮೊದಲ ವರ್ಷದ ವಿದ್ಯಾರ್ಥಿಗಳು ವಿರಳ.

ಒಂದು ಚೀಲ ಹೆಸರಿನ ಹಿಂದೆ ಎಷ್ಟು ಕಾಯಕ?

ನಮ್ಮ ಮಕ್ಕಳನ್ನು "ಏನಾಗಬೇಕೆಂದಿರುವೆ" ಎಂದು ಕೇಳಿದರೆ ಬರುವ ಉತ್ತರಗಳು ನಾಲ್ಕೈದೇ: ಶಿಕ್ಷಕ, ಪೊಲೀಸ್, ಪಿಡಿಒ, ಬ್ಯಾಂಕು, ಇಲ್ಲವೇ ಬೆಂಗಳೂರಿನ ಯಾವುದಾದರೊಂದು ಕಂಪನಿ. ಇವೆಲ್ಲವೂ ಗೌರವದ ಕಾಯಕಗಳೇ. ಆದರೆ ಮಕ್ಕಳು ಇವುಗಳನ್ನು ಹೆಸರಿಸುವುದು ತೂಗಿ ನೋಡಿ ಆರಿಸಿಕೊಂಡದ್ದರಿಂದಲ್ಲ. ಅವರ ಕಣ್ಣಿಗೆ ಬಿದ್ದಿರುವುದು ಇಷ್ಟೇ ಆದ್ದರಿಂದ.

ಆಯ್ಕೆಯ ವಿಸ್ತಾರವನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಮುಂಗಾರಿನಲ್ಲಿ ನಮ್ಮ ಎರೆ ಹೊಲದಲ್ಲಿ ಬೆಳೆಯುವ ಒಂದು ಚೀಲ ಹೆಸರುಕಾಳಿನ ಬೆನ್ನು ಹತ್ತಿ ಹೋದರೆ ಸಾಕು. ಬೀಜದ ತಳಿಯನ್ನು ಸಿದ್ಧಪಡಿಸಿದವರು ಕೃಷಿ ವಿಜ್ಞಾನಿಗಳು. ಮಣ್ಣನ್ನು ಪರೀಕ್ಷಿಸಿದವರು ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರ ಬಲ್ಲವರು. 2016ರಿಂದ ಜಾರಿಯಲ್ಲಿರುವ ಫಸಲ್ ಬಿಮಾ ಯೋಜನೆಯಡಿ ಬೆಳೆಗೆ ವಿಮೆ ಮಾಡುವಲ್ಲಿ ವಿಮಾ ಕಂಪನಿಯ ಪ್ರತಿನಿಧಿಗಳು, ಇಳುವರಿಯ ಅಂಕಿ-ಅಂಶ ನೋಡುವವರು ಇದ್ದಾರೆ. ಬೆಳೆಸಾಲ ಕೊಟ್ಟ ಸಹಕಾರಿ ಸಂಘದಲ್ಲಿ ಕಾರ್ಯದರ್ಶಿ ಇದ್ದಾರೆ. ಎಪಿಎಂಸಿಯಲ್ಲಿ ತೂಕ, ದರ, ಗುಣಮಟ್ಟ ನೋಡುವವರಿದ್ದಾರೆ. ಬೆಂಬಲ ಬೆಲೆಯ ಖರೀದಿ ಕೇಂದ್ರ, ಉಗ್ರಾಣ, ಬೇಳೆ ಮಿಲ್ಲು, ಲಾರಿ ಸಾಗಣೆ, ಪೊಟ್ಟಣದ ಮುದ್ರಣ, ಜಿಎಸ್‌ಟಿ ಲೆಕ್ಕ, ಆಹಾರ ಸುರಕ್ಷತೆಯ ತಪಾಸಣೆ, ಇವೆಲ್ಲ ದಾಟಿ ಆ ಕಾಳು ಪಟ್ಟಣದ ಅಡುಗೆಮನೆಯನ್ನು ತಲುಪುತ್ತದೆ. ಈ ದಾರಿಯ ಪ್ರತಿಯೊಂದು ತಿರುವಿನಲ್ಲಿಯೂ ಓದಿದವರಿಗೆ ಒಂದು ಕಾಯಕವಿದೆ. ಬೆಳೆದ ರೈತನ ಮಗನಿಗೆ, ಮಗಳಿಗೆ ಈ ದಾರಿಯ ಮೊದಲ ಮೈಲಿ ಹುಟ್ಟಿನಿಂದಲೇ ಗೊತ್ತು. ಪಟ್ಟಣದ ಮಕ್ಕಳಿಗೆ ಇಲ್ಲದ ಅನುಕೂಲವಿದು.

ಇನ್ನು ಗಜೇಂದ್ರಗಡದ ಗುಡ್ಡಗಳ ಮೇಲೆ, ಕಪ್ಪತಗುಡ್ಡದ ಸೀಮೆಯಲ್ಲಿ ತಿರುಗುವ ಗಾಳಿಯಂತ್ರಗಳನ್ನು ನಾವೆಲ್ಲರೂ ನೋಡಿದ್ದೇವೆ. ಅವುಗಳ ನಿರ್ವಹಣೆ, ವಿದ್ಯುತ್ ಜಾಲ, ಭೂಮಿಯ ಒಪ್ಪಂದದ ಕಾನೂನು, ಲೆಕ್ಕಪತ್ರ ಇವುಗಳಲ್ಲಿ ಕೆಲಸ ಮಾಡುವವರು ಯಾರು, ಅವರು ಏನು ಓದಿದ್ದಾರೆ ಎಂದು ವಿಚಾರಿಸಿದವರು ಕಡಿಮೆ. ಇಂದು ದೇಶದ ದೊಡ್ಡ ಸಾಗಣೆ ಸಂಸ್ಥೆಗಳಲ್ಲಿ ಒಂದಾದ ವಿಆರ್‌ಎಲ್ 1976ರಲ್ಲಿ ಗದಗಿನಲ್ಲಿ ಒಂದೇ ಒಂದು ಲಾರಿಯಿಂದ ಆರಂಭವಾಯಿತು. ನಮ್ಮ ನೆಲದಲ್ಲಿ ಹುಟ್ಟಿ ಬೆಳೆದ ಉದ್ಯಮಗಳ ಕಥೆಯೂ ವಿದ್ಯಾರ್ಥಿಗೆ ಪಠ್ಯವೇ.

ವಶೀಲಿ ಬೇರೆ, ಪರಿಚಯ ಬೇರೆ

ಇಷ್ಟು ಕಾಯಕಗಳಲ್ಲಿ ತನಗೆ ಒಪ್ಪುವುದು ಯಾವುದು ಎಂದು ತಿಳಿಯಲು ಒಂದೇ ನಂಬಲರ್ಹ ಉಪಾಯವಿದೆ. ಆ ಕಾಯಕ ಮಾಡುತ್ತಿರುವವರನ್ನು ಕಂಡು ಕೇಳುವುದು. ಇಲ್ಲಿಗೆ ಬಂದಾಗ ನಮ್ಮ ಮಕ್ಕಳು ಹಿಂಜರಿಯುತ್ತಾರೆ. ದೊಡ್ಡ ಹುದ್ದೆಯಲ್ಲಿರುವವರ ಬಳಿ ಹೋಗುವುದೆಂದರೆ ವಶೀಲಿಗೆ ಹೋದಂತೆ, ಕೈಚಾಚಿದಂತೆ ಎಂಬ ಸಂಕೋಚ ಅವರದು. ಸ್ವಾಭಿಮಾನಿ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಈ ಸಂಕೋಚ ಇನ್ನೂ ಹೆಚ್ಚು. ಇದನ್ನು ಬಿಡಿಸಿ ನೋಡುವುದು ಅವಶ್ಯ.

ವಶೀಲಿ ಎಂದರೆ ಇನ್ನೊಬ್ಬರಿಗೆ ಸಲ್ಲಬೇಕಾದುದನ್ನು ಪ್ರಭಾವದಿಂದಲೋ ಹಣದಿಂದಲೋ ತನ್ನ ಕಡೆಗೆ ತಿರುಗಿಸಿಕೊಳ್ಳುವುದು. ಅದರ ಫಲವನ್ನು ನಾಡು ಕಂಡಿದೆ. 2021ರ ಅಕ್ಟೋಬರಿನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಲಿಖಿತ ಪರೀಕ್ಷೆಯಲ್ಲಿ ಅಕ್ರಮ ಬಯಲಾಗಿ, 2022ರ ಏಪ್ರಿಲಿನಲ್ಲಿ ಸರ್ಕಾರ ಆ ಪರೀಕ್ಷೆಯನ್ನೇ ರದ್ದುಗೊಳಿಸಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದ ತರುಣ ತರುಣಿಯರ ಎರಡು ವರ್ಷಗಳಿಗೂ ಮಿಕ್ಕ ಕಾಲ ಕೆಲವರ ವಶೀಲಿಗೆ ಬಲಿಯಾಯಿತು. ಹೊಲ ಮಾರಿ ಹಣ ಕೊಟ್ಟರೆ ನೌಕರಿ ಕೊಡಿಸುವೆವೆಂದು ಬರುವ ಮಧ್ಯವರ್ತಿಗಳನ್ನು ಮನೆಯ ಹೊಸ್ತಿಲು ದಾಟಿಸಬಾರದು. ಅದು ಅಧರ್ಮ, ಮನೆತನವನ್ನು ಬೀದಿಗೆ ತರುವ ದಾರಿಯೂ ಹೌದು.

ಪರಿಚಯದ ಸ್ವರೂಪ ಬೇರೆ. ಅಲ್ಲಿ ವಿದ್ಯಾರ್ಥಿ ಕೇಳುವುದು ತಿಳಿವಳಿಕೆಯನ್ನು ಮಾತ್ರ. "ಈ ಕಾಯಕದ ದಿನಚರಿ ಹೇಗಿರುತ್ತದೆ, ಇದಕ್ಕೆ ಏನು ಓದಬೇಕು, ಯಾವ ಕಷ್ಟಗಳಿವೆ" ಎಂದು ಕೇಳಿದರೆ ಯಾರ ಪಾಲಿನದನ್ನೂ ಕಸಿದುಕೊಂಡಂತಾಗುವುದಿಲ್ಲ. ಹೇಳಿದವರ ಜ್ಞಾನವೂ ಕಡಿಮೆಯಾಗುವುದಿಲ್ಲ. ಬೇಡುವುದಕ್ಕೂ ಕಲಿಯುವುದಕ್ಕೂ ಇರುವ ಅಂತರವೇ ವಶೀಲಿಗೂ ಪರಿಚಯಕ್ಕೂ ಇದೆ. ಮೊದಲ ವರ್ಷದ ವಿದ್ಯಾರ್ಥಿಗೆ ಇದರಲ್ಲಿ ಒಂದು ವಿಶೇಷ ಸೌಲಭ್ಯವಿದೆ. ಅವನಿಗೆ ಇನ್ನೂ ನೌಕರಿ ಬೇಕಾಗಿಲ್ಲವೆಂಬುದು ಎದುರಿನವರಿಗೂ ಗೊತ್ತು. ಹಾಗಾಗಿ ಅವರು ನಿರಾಳವಾಗಿ, ಮುಚ್ಚುಮರೆಯಿಲ್ಲದೆ ಮಾತನಾಡುತ್ತಾರೆ. ಅದೇ ಪ್ರಶ್ನೆಯನ್ನು ಮೂರು ವರ್ಷ ಬಿಟ್ಟು ಅರ್ಜಿ ಹಿಡಿದು ಕೇಳಿದರೆ ಆ ನಿರಾಳತೆ ಉಳಿದಿರುವುದಿಲ್ಲ.

ದೂರದ ಪರಿಚಯದ ಬಲ

ಪರಿಚಯ ಎಂದೊಡನೆ ನಾವು ನೆನೆಯುವುದು ಅಣ್ಣ-ತಮ್ಮಂದಿರನ್ನು, ಸೋದರಮಾವಂದಿರನ್ನು, ಬೀಗರನ್ನು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧವೊಂದು ಬೇರೆಯದೇ ಸತ್ಯವನ್ನು ತೋರಿಸಿತು. ಪರಿಚಿತರ ಮೂಲಕ ಹೊಸ ಕೆಲಸದ ಸುದ್ದಿ ತಿಳಿದವರನ್ನು ಅವರು ವಿಚಾರಿಸಿದಾಗ, ಆ ಸುದ್ದಿ ಪದೇ ಪದೇ ಭೇಟಿಯಾಗುವ ಆಪ್ತರಿಂದ ಬಂದದ್ದು ಸುಮಾರು ಶೇಕಡಾ 17 ಜನರಿಗೆ ಮಾತ್ರ. ಉಳಿದವರಿಗೆಲ್ಲ ಅದು ಆಗೊಮ್ಮೆ ಈಗೊಮ್ಮೆ, ಇಲ್ಲವೇ ಅಪರೂಪಕ್ಕೆ ಕಾಣುವವರಿಂದ ಬಂದಿತ್ತು. ಕಾರಣ ಸರಳವಾಗಿದೆ. ನಮ್ಮ ಆಪ್ತರು ನಮ್ಮ ಓಣಿಯಲ್ಲಿಯೇ ಇರುವವರು. ನಮಗೆ ಗೊತ್ತಿರುವುದೇ ಅವರಿಗೂ ಗೊತ್ತು. ಹೊಸ ಸುದ್ದಿ ಬರುವುದು ಬೇರೆ ಓಣಿಯಿಂದ.

ಶರಣರ ಅನುಭವ ಮಂಟಪವನ್ನು ಈ ಬೆಳಕಿನಲ್ಲಿ ನೋಡಿದರೆ ಅದರ ಇನ್ನೊಂದು ಮಹತ್ವ ಕಾಣುತ್ತದೆ. ಅಲ್ಲಿ ಬಟ್ಟೆ ಮಡಿ ಮಾಡುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಬಿದಿರು ಹೆಣೆಯುವ ಕೇತಯ್ಯ, ಹಗ್ಗ ಹೊಸೆಯುವ ಚಂದಯ್ಯ ಒಂದೇ ನೆಲೆಯಲ್ಲಿ ಕುಳಿತರು. ಹುಟ್ಟಿನಿಂದ ಬೇರೆ ಬೇರೆ ಓಣಿಗಳಲ್ಲಿ ಇದ್ದವರು ಒಬ್ಬರ ಅನುಭವವನ್ನು ಮತ್ತೊಬ್ಬರಿಗೆ ಧಾರೆಯೆರೆದರು. ಆದ್ದರಿಂದ ನಮ್ಮ ವಿದ್ಯಾರ್ಥಿಗಳು ತಮ್ಮ ಸಮಾಜದವರನ್ನು ಮಾತ್ರ ಹುಡುಕಿ ಪರಿಚಯ ಮಾಡಿಕೊಂಡರೆ ಅದು ಶರಣ ಮಾರ್ಗಕ್ಕೂ ಒಪ್ಪುವುದಿಲ್ಲ, ಲೋಕ ವ್ಯವಹಾರಕ್ಕೂ ಸಾಲುವುದಿಲ್ಲ. ಕಲಿಸಬಲ್ಲವರು ಯಾವ ಕುಲದವರಾದರೂ ಗುರುಸ್ಥಾನಕ್ಕೆ ಅರ್ಹರೇ.

ಹಿರಿಯರು ಕಟ್ಟಿದ ದಾರಿ

ಒಬ್ಬರ ತಿಳಿವಳಿಕೆ ಮತ್ತೊಬ್ಬರ ಮಕ್ಕಳಿಗೆ ದಾರಿಯಾಗಬೇಕು ಎಂಬ ವಿಚಾರ ಈ ಭಾಗಕ್ಕೆ ಹೊಸದಲ್ಲ. ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರ ಬರೆದರು. ನವಲಗುಂದ-ಸಿರಸಂಗಿ ಟ್ರಸ್ಟಿನ ವಿದ್ಯಾರ್ಥಿವೇತನಕ್ಕೆ ಮೂಲ ಆ ತ್ಯಾಗವೇ. ಗಿಲಗಂಚಿ ಗುರುಸಿದ್ದಪ್ಪನವರು, ಅರಟಾಳ ರುದ್ರಗೌಡರು ಸರ್ಕಾರಿ ಸೇವೆಯಲ್ಲಿ ತಾವು ಕಂಡ ಲೋಕವನ್ನು ಹಳ್ಳಿಯ ಮಕ್ಕಳಿಗೂ ತೋರಿಸಬೇಕೆಂದು ಧಾರವಾಡದಲ್ಲಿ ದುಡಿದರು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಜನ ತರುಣ ಶಿಕ್ಷಕರು ಸೇರಿ ಕೆಎಲ್‌ಇ ಸಂಸ್ಥೆಗೆ ಬುನಾದಿ ಹಾಕಿದಾಗ, ಅದರ ಮೊದಲ ಶಾಲೆ ಈ ಇಬ್ಬರು ಮಹನೀಯರ ಹೆಸರನ್ನು ಹೊತ್ತಿತು. ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದ ಹಿರಿಯ ವಿದ್ಯಾರ್ಥಿಯು ಕಿರಿಯನಿಗೆ ಯಾವ ಪುಸ್ತಕ ಓದಬೇಕು, ಯಾವ ಅರ್ಜಿ ತುಂಬಬೇಕು ಎಂದು ಹೇಳಿಕೊಡುತ್ತಿದ್ದ ಪದ್ಧತಿಯೂ ಇದೇ ಪರಂಪರೆಗೆ ಸೇರಿದ್ದು.

ನಮ್ಮ ಜಿಲ್ಲೆಯದೇ ಇನ್ನೊಂದು ಉದಾಹರಣೆ ಕಣಗಿನಹಾಳದ್ದು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಅಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಆರಂಭವಾಯಿತು. ದೇಶದ ಸಹಕಾರಿ ಚಳವಳಿಗೆ ಅದು ನಾಂದಿ. ಒಬ್ಬೊಬ್ಬರಲ್ಲಿ ಸ್ವಲ್ಪ ಸ್ವಲ್ಪವೇ ಇದ್ದ ಹಣ ಒಂದೆಡೆ ಸೇರಿ ಅಗತ್ಯವಿದ್ದವನ ಕೈ ಹಿಡಿಯಿತು. ತಿಳಿವಳಿಕೆಯೂ ಹೀಗೆಯೇ. ನಮ್ಮ ಊರುಗಳಲ್ಲಿ ಅದು ಒಬ್ಬೊಬ್ಬರಲ್ಲಿ ಚದುರಿ ನಿಂತಿದೆ. ಒಬ್ಬರ ಮಗ ಪುಣೆಯಲ್ಲಿದ್ದಾನೆ, ಒಬ್ಬರ ಸೊಸೆ ದಾದಿಯಾಗಿದ್ದಾಳೆ, ಒಬ್ಬರ ತಮ್ಮ ಸೈನ್ಯದಿಂದ ನಿವೃತ್ತನಾಗಿ ಬಂದಿದ್ದಾನೆ. ಅದನ್ನು ಒಂದೆಡೆ ಸೇರಿಸುವುದು ಬಾಕಿ ಇದೆ.

ಕೇಳುವ ಕ್ರಮ

ಮೊದಲ ವರ್ಷದಲ್ಲಿ ವಿದ್ಯಾರ್ಥಿಯು ಮಾಡಬಹುದಾದುದನ್ನು ಸರಳವಾಗಿ ಹೀಗೆ ಹೇಳಬಹುದು.

ಮೊದಲು ಒಂದು ವಹಿಯನ್ನು ಇಟ್ಟುಕೊಳ್ಳಬೇಕು. ಅಂಗಡಿಕಾರರು ಕಿರ್ದಿ ಬರೆಯುವಂತೆ ಅದರಲ್ಲಿ ಯಾರನ್ನು ಕಂಡೆ, ಯಾವ ದಿನ, ಅವರು ಏನು ಹೇಳಿದರು, ಅದರಂತೆ ನಾನು ಏನು ಮಾಡಿದೆ ಎಂದು ಬರೆಯಬೇಕು. ಬರೆದಿಡದ ಪರಿಚಯ ಆರು ತಿಂಗಳಲ್ಲಿ ಮರೆತುಹೋಗುತ್ತದೆ.

ಆರಂಭಕ್ಕೆ ತನ್ನ ಕಾಲೇಜಿನ ಪ್ರಾಧ್ಯಾಪಕರೇ ಸಾಕು. ಅವರ ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲಿದ್ದಾರೆ ಎಂದು ಕೇಳಿದರೆ ಹತ್ತು ಹೆಸರುಗಳು ಸಿಗುತ್ತವೆ. ರಾಷ್ಟ್ರೀಯ ಸೇವಾ ಯೋಜನೆಗೆ ಹೆಸರು ನೋಂದಾಯಿಸಿದರೆ ವರ್ಷಕ್ಕೆ 120 ಗಂಟೆಗಳ ಸೇವೆಯ ಜೊತೆಗೆ ಶಿಬಿರಗಳಲ್ಲಿ ಬೇರೆ ಊರುಗಳ ವಿದ್ಯಾರ್ಥಿಗಳು, ಅಧಿಕಾರಿಗಳು, ವೈದ್ಯರು ಪರಿಚಿತರಾಗುತ್ತಾರೆ. ಊರ ಜಾತ್ರೆಗೆ, ಹಬ್ಬಕ್ಕೆ ಪರಸ್ಥಳದಿಂದ ಬಂದವರು ಎರಡು ದಿನ ಇರುತ್ತಾರೆ. ತೇರು ಎಳೆದು ಮುಗಿದ ಮೇಲೆ ಕಟ್ಟೆಯ ಮೇಲೆ ಕುಳಿತು ಅರ್ಧ ಗಂಟೆ ಮಾತನಾಡಿಸಬಹುದು. ಗದಗಿನ ತೋಂಟದಾರ್ಯ ಮಠದಲ್ಲಿ ನಡೆಯುವಂಥ ವಾರದ ಶಿವಾನುಭವಗಳಲ್ಲಿ ಉಪನ್ಯಾಸಕ್ಕೆ ಬರುವವರು ನಾನಾ ಕ್ಷೇತ್ರಗಳ ವಿದ್ವಾಂಸರು. ಉಪನ್ಯಾಸ ಮುಗಿದ ಮೇಲೆ ನಮಸ್ಕರಿಸಿ ಒಂದು ಪ್ರಶ್ನೆ ಕೇಳಿದರೆ ಅವರು ಸಂತೋಷಪಡುತ್ತಾರೆಯೇ ಹೊರತು ಬೇಸರಿಸುವುದಿಲ್ಲ.

ದೂರದವರಿಗೆ ಸಂದೇಶ ಕಳುಹಿಸುವಾಗ ಅದು ಚಿಕ್ಕದಾಗಿರಲಿ, ಸ್ಪಷ್ಟವಾಗಿರಲಿ. "ಶರಣು ಸರ್. ನಾನು ಯಾವಗಲ್ಲಿನವನು, ಬಿ.ಕಾಂ. ಮೊದಲ ವರ್ಷದಲ್ಲಿ ಓದುತ್ತಿದ್ದೇನೆ. ತಮ್ಮ ನಂಬರನ್ನು ನಮ್ಮ ಕಾಲೇಜಿನ ಗುರುಗಳು ಕೊಟ್ಟರು. ಬ್ಯಾಂಕಿನ ಕೆಲಸದ ಬಗ್ಗೆ ತಿಳಿದುಕೊಳ್ಳುವ ಆಸೆ ಇದೆ. ತಮಗೆ ಬಿಡುವಿದ್ದ ದಿನ ಹತ್ತು ನಿಮಿಷ ಮಾತನಾಡಬಹುದೇ?" ಇಷ್ಟು ಸಾಕು. ತಾನು ಯಾರು, ನಂಬರು ಹೇಗೆ ದೊರೆಯಿತು, ಏನು ಬೇಕು, ಎಷ್ಟು ಹೊತ್ತು ಎಂಬ ನಾಲ್ಕೂ ಅದರಲ್ಲಿವೆ. ಉತ್ತರ ಬಾರದಿದ್ದರೆ ವಾರ ಬಿಟ್ಟು ಒಮ್ಮೆ ನೆನಪಿಸಬಹುದು. ಆಗಲೂ ಬಾರದಿದ್ದರೆ ಅವರಿಗೆ ಬಿಡುವಿಲ್ಲವೆಂದು ತಿಳಿದು ಮುಂದೆ ಹೋಗಬೇಕು. ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಮಾತನಾಡುವಾಗ ಸಂಬಳವನ್ನು ಮೊದಲು ಕೇಳದೆ, ಕಾಯಕದ ಒಂದು ದಿನ ಹೇಗಿರುತ್ತದೆ ಎಂದು ಕೇಳಬೇಕು. ಕಾಲೇಜಿನ ಪಾಠದ ಹೊರತಾಗಿ ಏನನ್ನು ಕಲಿಯಬೇಕಾಯಿತು, ಈ ಕಾಯಕದಲ್ಲಿ ಬೇಸರ ತರುವ ಸಂಗತಿ ಯಾವುದು ಎಂದು ಕೇಳಬೇಕು. ಕೊನೆಗೆ, "ಇದರ ಬಗ್ಗೆ ನಾನು ಇನ್ನು ಯಾರನ್ನು ಕಾಣಬಹುದು?" ಎಂಬ ಪ್ರಶ್ನೆಯನ್ನು ಮರೆಯಬಾರದು. ಒಬ್ಬರಿಂದ ಇಬ್ಬರ ಪರಿಚಯ ಬೆಳೆಯುವುದು ಈ ಪ್ರಶ್ನೆಯಿಂದ. ಅವರು ಹೇಳಿದ ಪುಸ್ತಕ ಓದಿದ ಮೇಲೆ, ಪರೀಕ್ಷೆ ಬರೆದ ಮೇಲೆ ಎರಡು ಸಾಲಿನ ಸಂದೇಶ ಕಳುಹಿಸಿದರೆ ಪರಿಚಯ ಜೀವಂತವಾಗಿ ಉಳಿಯುತ್ತದೆ.

ಇಂಗ್ಲಿಷ್ ಬಾರದೆಂಬ ಅಳುಕಿಗೆ ಇಲ್ಲಿ ಸ್ಥಳವಿಲ್ಲ. ನಾಡಿನ ಬಹುಪಾಲು ಅಧಿಕಾರಿಗಳು, ಉದ್ಯಮಿಗಳು ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದಲ್ಲಿಯೇ ಉತ್ತರಿಸುತ್ತಾರೆ. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನೂ ಇಂದು ಕನ್ನಡದಲ್ಲಿ ಬರೆಯಬಹುದಾಗಿದೆ. ಇಂಗ್ಲಿಷನ್ನು ಕಲಿಯಬೇಕು, ಆದರೆ ಕಲಿತು ಮುಗಿಯುವವರೆಗೆ ಬಾಯಿ ಕಟ್ಟಿಕೊಂಡು ಕೂರಬೇಕಾಗಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ

ಗಂಡುಮಗ ಹುಬ್ಬಳ್ಳಿಗೆ ಹೋಗಿ ನಾಲ್ಕು ಜನರನ್ನು ಕಂಡು ಬಂದರೆ ಚುರುಕಿನವನೆನ್ನುವ ಮನೆಯವರು ಮಗಳಿಗೆ ಆ ಅನುಮತಿ ಕೊಡಲು ಹಿಂಜರಿಯುತ್ತಾರೆ. ಅವರ ಕಾಳಜಿ ಅರ್ಥವಾಗುವಂಥದು. ಆದರೆ ಆ ಕಾಳಜಿಯ ಫಲವಾಗಿ ತರಗತಿಯಲ್ಲಿ ಮೊದಲಿಗಳಾದವಳು ಪದವಿ ಮುಗಿದ ದಿನ ಯಾವ ದಾರಿಯನ್ನೂ ಅರಿಯದೆ ಉಳಿಯುವುದು ನ್ಯಾಯವಲ್ಲ. ಗುರುಮಾತೆಯರ ಮೂಲಕ, ಕಾಲೇಜಿನ ಆವರಣದಲ್ಲಿಯೇ, ಗೆಳತಿಯರು ಕೂಡಿಕೊಂಡು ಭೇಟಿಗಳನ್ನು ಏರ್ಪಡಿಸಿಕೊಳ್ಳಬಹುದು. ತಾಯಿಯೋ ಅಣ್ಣನೋ ಜೊತೆಗೆ ಹೋದರೆ ಅವರಿಗೂ ತಿಳಿವಳಿಕೆ ಬರುತ್ತದೆ. ಕೆಲಸದ ಆಸೆ ತೋರಿಸಿ ಒಬ್ಬಳನ್ನೇ ಕರೆಯುವವರನ್ನು, ಹಣ ಅಥವಾ ಆಧಾರ್, ಬ್ಯಾಂಕ್ ವಿವರ ಕೇಳುವವರನ್ನು ದೂರವಿಡಬೇಕು. ಈ ಎಚ್ಚರ ಗಂಡುಮಕ್ಕಳಿಗೂ ಅನ್ವಯಿಸುತ್ತದೆ. ಗಂಡ ಮಾರಯ್ಯ ತಂದ ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಹೇಳಿ ಕಾಯಕದ ಮರ್ಮವನ್ನು ತಿಳಿಸಿದವಳು ಆಯ್ದಕ್ಕಿ ಲಕ್ಕಮ್ಮ. ಕಾಯಕದ ವಿಚಾರದಲ್ಲಿ ಹೆಣ್ಣಿನ ವಿವೇಕವನ್ನು ಮೊದಲು ಗೌರವಿಸಿದ ಪರಂಪರೆ ನಮ್ಮದು.

ಹೇಳುವವರ ಹೊಣೆ

ಕೇಳುವುದು ವಿದ್ಯಾರ್ಥಿಯ ಕರ್ತವ್ಯವಾದರೆ ಹೇಳುವುದು ಬೆಳೆದವರ ಕರ್ತವ್ಯ. ಊರು ಬಿಟ್ಟು ಹೋಗಿ ಒಳ್ಳೆಯ ಸ್ಥಾನದಲ್ಲಿರುವ ಸದ್ಭಕ್ತರು ಜಾತ್ರೆಗೆ ದೇಣಿಗೆ ಕೊಡುತ್ತಾರೆ, ದಾಸೋಹಕ್ಕೆ ಅಕ್ಕಿ-ಬೇಳೆ ಕಳುಹಿಸುತ್ತಾರೆ. ಅದರ ಜೊತೆಗೆ ತಿಂಗಳಿಗೊಮ್ಮೆ ಅರ್ಧ ಗಂಟೆಯನ್ನು ಊರಿನ ಒಬ್ಬ ವಿದ್ಯಾರ್ಥಿಗೆ ಕೊಟ್ಟರೆ ಅದೂ ದಾಸೋಹವೇ. ಗ್ರಾಮದ ಹಿರಿಯರು, ಯುವಕ ಮಂಡಳಿಯವರು ಕೂಡಿ ಯಾವ ಮನೆಯವರು ಎಲ್ಲಿ ಯಾವ ಕಾಯಕದಲ್ಲಿದ್ದಾರೆ ಎಂಬುದನ್ನು ಅವರ ಒಪ್ಪಿಗೆ ಪಡೆದು ಒಂದು ವಹಿಯಲ್ಲಿ ಬರೆದಿಟ್ಟರೆ ಪ್ರತಿ ವರ್ಷ ಕಾಲೇಜು ಸೇರುವ ಮಕ್ಕಳಿಗೆ ಅದು ದಾರಿಯ ಬುತ್ತಿಯಾಗುತ್ತದೆ. ಇದಕ್ಕೆ ಖರ್ಚಿಲ್ಲ, ಯಾರ ಅಪ್ಪಣೆಯೂ ಬೇಕಾಗಿಲ್ಲ.

ಹೀಗೆ ತಿಳಿವಳಿಕೆ ಪಡೆದ ವಿದ್ಯಾರ್ಥಿಯ ಮೇಲೆಯೂ ಒಂದು ಋಣವಿದೆ. ತನಗೆ ಹೇಳಿದವರಿಗೆ ಅದನ್ನು ಮರಳಿಸಲಾಗುವುದಿಲ್ಲ, ಅವರಿಗೆ ಅದರ ಅಗತ್ಯವೂ ಇಲ್ಲ. ಮುಂದಿನ ವರ್ಷ ಅದೇ ಕಾಲೇಜಿನ ಬಾಗಿಲಲ್ಲಿ ಗೊಂದಲದಿಂದ ನಿಂತ ಕಿರಿಯನಿಗೆ, ಕಿರಿಯಳಿಗೆ ತಾನು ತಿಳಿದುಕೊಂಡದ್ದನ್ನು ಹೇಳಿದಾಗ ಆ ಋಣ ಸಲ್ಲುತ್ತದೆ.

ಈ ವರ್ಷ ಪದವಿ ಸೇರಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲ ಸೆಮಿಸ್ಟರ್ ಮುಗಿಯುವುದರೊಳಗೆ ಐದು ಬೇರೆ ಬೇರೆ ಕಾಯಕದವರನ್ನು ಕಂಡು ಮಾತನಾಡುವ ಸಂಕಲ್ಪ ಮಾಡಲಿ. ಐವರಲ್ಲಿ ಇಬ್ಬರಾದರೂ ತನ್ನ ಊರಿನ, ತನ್ನ ಸಮಾಜದ ಹೊರಗಿನವರಾಗಿರಲಿ. ತಂದೆ-ತಾಯಿಗಳು ಮಕ್ಕಳಿಗೆ "ಯಾವ ನೌಕರಿ ಸಿಗುತ್ತದೆ" ಎಂದು ಕೇಳುವ ಬದಲು "ಈ ವಾರ ಯಾರನ್ನು ಕಂಡೆ, ಏನು ತಿಳಿದುಕೊಂಡೆ" ಎಂದು ಕೇಳಲಿ.